ನಿಮ್ಮ ಮೊದಲ ಗೇಮ್ ಯಾವ ಎಂಜಿನ್‌ನಲ್ಲಿ ಮುಗಿಯುತ್ತದೆ?

(ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗೇಮ್ ಮಾಡುವ ಆಸೆ ಹೊತ್ತು ಬಂದವರು ಮೊದಲು ಕೇಳುವುದು ಒಂದೇ: ಯಾವ ಎಂಜಿನ್, ಅಂದರೆ ಗೇಮ್ ಕಟ್ಟುವ ಯಾವ ಸಾಫ್ಟ್‌ವೇರ್, ತಗೊಳ್ಳಲಿ? ಅದರ ಬೆನ್ನಿಗೇ ಎರಡನೆಯದು: ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ, ಸಿ ಪ್ಲಸ್ ಪ್ಲಸ್ ಬರದಿದ್ದರೆ ನಡೆಯುತ್ತದೆಯೇ? ಉತ್ತರವನ್ನು ಕೊನೆಯವರೆಗೆ ಎಳೆಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ಹೊಂದುವುದು ಗೊಡೊ ಎಂಜಿನ್ ಮತ್ತು ಅದರ ಜೊತೆಯಲ್ಲೇ ಬರುವ ಜಿಡಿಸ್ಕ್ರಿಪ್ಟ್ ಭಾಷೆ. ಉಳಿದವರಿಗೆ ಬೇರೆ ಉತ್ತರಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ಯಾವ ಅಳತೆಗೋಲು ಹಿಡಿದು ಹೀಗೆ ಹೇಳುತ್ತಿದ್ದೇನೆ ಅನ್ನುವುದು ನಿಮಗೆ ಗೊತ್ತಿರಬೇಕು. ನಾಳೆ ಹೊಸದೊಂದು ಎಂಜಿನ್ ಬಂದಾಗ ನೀವೇ ಅಳೆದು ನೋಡಬೇಕಾಗುತ್ತದೆ.

ಅಳತೆಗೋಲು ಇಷ್ಟೇ. ನಿಮ್ಮ ಹತ್ತಿರ ಇರುವ ಕಂಪ್ಯೂಟರಿನಲ್ಲಿ, ನಿಮಗೆ ಸಿಗುವ ಬಿಡುವಿನಲ್ಲಿ, ಒಂದು ಪುಟ್ಟ ಗೇಮನ್ನು ಮುಗಿಸಿ ಇನ್ನೊಬ್ಬರ ಕೈಗೆ ಆಡಲು ಕೊಡಬೇಕು. ಆ ದಾರಿಯಲ್ಲಿ ಯಾವ ಎಂಜಿನ್ ಅತಿ ಕಡಿಮೆ ಅಡ್ಡ ಬರುತ್ತದೋ ಅದೇ ನಿಮ್ಮ ಮೊದಲ ಎಂಜಿನ್. ಗ್ರಾಫಿಕ್ಸ್ ಎಷ್ಟು ಚಂದ, ಅದರಲ್ಲಿ ಯಾರು ಎಷ್ಟು ದೊಡ್ಡ ಗೇಮ್ ಮಾಡಿದ್ದಾರೆ ಅನ್ನುವುದೆಲ್ಲ ಆಮೇಲಿನ ಮಾತು. ಮುಗಿಸಿದ ಒಂದು ಸಣ್ಣ ಗೇಮ್ ಕಲಿಸುವಷ್ಟನ್ನು ಅರ್ಧಕ್ಕೆ ಬಿಟ್ಟ ಹತ್ತು ದೊಡ್ಡ ಗೇಮ್‌ಗಳು ಕಲಿಸುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೆನು, ಸೋಲು ಗೆಲುವಿನ ಪರದೆ, ಮತ್ತೆ ಆಡುವ ಬಟನ್, ಸದ್ದು ನಿಲ್ಲಿಸುವ ಬಟನ್, ಇನ್ನೊಬ್ಬರ ಯಂತ್ರದಲ್ಲಿ ಓಡುವಂತೆ ಕಟ್ಟಿಕೊಡುವುದು: ಇವೆಲ್ಲ ಮುಗಿಸುವ ಹೊತ್ತಿಗಷ್ಟೇ ಎದುರಾಗುವ ಪಾಠಗಳು.

ಎಂಜಿನ್ ಏನು ಮಾಡುತ್ತದೆ ಎಂದು ಚುಟುಕಾಗಿ ನೋಡಿಬಿಡೋಣ. ಪ್ರತಿ ಗೇಮ್‌ನ ಒಳಗೂ ಒಂದು ಸುತ್ತು ತಿರುಗುತ್ತಿರುತ್ತದೆ. ಆಟಗಾರ ಏನು ಒತ್ತಿದ ಎಂದು ನೋಡುವುದು, ಅದಕ್ಕೆ ತಕ್ಕಂತೆ ಎಲ್ಲದರ ಸ್ಥಿತಿ ಬದಲಿಸುವುದು, ಪರದೆಯ ಮೇಲೆ ಚಿತ್ರ ಬಿಡಿಸುವುದು, ಮತ್ತೆ ಮೊದಲಿನಿಂದ. ಸೆಕೆಂಡಿಗೆ 60 ಸಲ ಇದು ನಡೆಯಬೇಕಾದರೆ ಒಂದು ಸುತ್ತಿಗೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್. ಅಷ್ಟರೊಳಗೆ ಚಿತ್ರ, ಸದ್ದು, ಡಿಕ್ಕಿಯ ಲೆಕ್ಕ ಎಲ್ಲವೂ ಆಗಬೇಕು. ಇದನ್ನೆಲ್ಲ ಕೈಯಾರೆ ಬರೆಯುವುದು ಒಳ್ಳೆಯ ವಿದ್ಯೆ, ಆದರೆ ಮೊದಲ ಗೇಮ್ ಬರೆಯುವವರು ಅದನ್ನು ತಲೆಗೆ ಹಚ್ಚಿಕೊಂಡರೆ ಗೇಮ್ ಹುಟ್ಟುವುದೇ ಇಲ್ಲ. ಎಂಜಿನ್ ಈ ಸುತ್ತನ್ನು ತಾನು ನೋಡಿಕೊಂಡು, ನಿಮ್ಮ ಆಟದ ನಿಯಮ ಬರೆಯಲು ಜಾಗ ಬಿಟ್ಟುಕೊಡುತ್ತದೆ.

ದುಡ್ಡಿಲ್ಲದೆ ಸಿಗುವುದರ ಕರಾರು

ಇವತ್ತು ದೊಡ್ಡ ಎಂಜಿನ್‌ಗಳೆಲ್ಲ ದುಡ್ಡು ಕೊಡದೆ ಡೌನ್‌ಲೋಡ್ ಆಗುತ್ತವೆ. ಆದರೆ ಅವುಗಳ ಹಿಂದಿನ ಕರಾರು ಒಂದೊಂದಕ್ಕೂ ಬೇರೆ, ಅದನ್ನು ಓದದೆ ಯಾರೂ ಆರಿಸಬಾರದು.

ಅನ್‌ರಿಯಲ್ ಎಂಜಿನ್ 2015ರಿಂದ ಉಚಿತ. ನಿಮ್ಮ ಗೇಮ್ 10 ಲಕ್ಷ ಡಾಲರ್‌ಗಿಂತ ಹೆಚ್ಚು ಗಳಿಸಿದರೆ, ಮೇಲಿನ ಮೊತ್ತಕ್ಕೆ ಸಾಮಾನ್ಯವಾಗಿ ಶೇಕಡಾ 5ರಷ್ಟು ರಾಯಲ್ಟಿ ಕೊಡಬೇಕು. ಯೂನಿಟಿಯ ಪರ್ಸನಲ್ ಆವೃತ್ತಿ ವರ್ಷದ ಆದಾಯ 2 ಲಕ್ಷ ಡಾಲರ್ ಒಳಗಿರುವವರಿಗೆ ಉಚಿತ. ಗೇಮ್‌ಮೇಕರ್ 2023ರ ನವೆಂಬರ್‌ನಿಂದ, ಮಾರಾಟಕ್ಕಲ್ಲದ ಗೇಮ್‌ಗಳಿಗೆ ಉಚಿತ. ಗೊಡೊದ ಕರಾರೇ ಬೇರೆ ಜಾತಿಯದು. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಆರಿಯಲ್ ಮಂಜೂರ್ ಕಟ್ಟಿದ ಈ ಎಂಜಿನ್‌ನ ಸೋರ್ಸ್ ಕೋಡನ್ನು 2014ರಲ್ಲಿ ಎಂಐಟಿ ಲೈಸೆನ್ಸ್ ಅಡಿಯಲ್ಲಿ ತೆರೆದಿಟ್ಟರು. ಗೇಮ್ ಮಾರಿ, ಎಷ್ಟೇ ಗಳಿಸಿ, ಎಂಜಿನ್ನನ್ನೇ ಬಿಚ್ಚಿ ಬದಲಿಸಿಕೊಳ್ಳಿ, ಯಾರಿಗೂ ಏನೂ ಕೊಡಬೇಕಾಗಿಲ್ಲ. ಲೈಸೆನ್ಸ್‌ನ ಪಠ್ಯವನ್ನು ಗೇಮ್‌ನಲ್ಲೆಲ್ಲಾದರೂ ಸೇರಿಸಿದರೆ ಸಾಕು.

"ನನ್ನ ಮೊದಲ ಗೇಮ್ 2 ಲಕ್ಷ ಡಾಲರ್ ಗಳಿಸುತ್ತದೆಯೇ, ಇದೆಲ್ಲ ನನಗ್ಯಾಕೆ?" ಎಂದು ನೀವು ಕೇಳಬಹುದು. ದುಡ್ಡಿನ ಲೆಕ್ಕದಲ್ಲಿ ನಿಮ್ಮ ಮಾತು ನಿಜ. ಆದರೆ 2023ರ ಸೆಪ್ಟೆಂಬರ್ 12ರಂದು ನಡೆದದ್ದನ್ನು ಕೇಳಿ. ಆ ದಿನ ಯೂನಿಟಿ ಕಂಪನಿ ರನ್‌ಟೈಮ್ ಫೀ ಎಂಬ ಹೊಸ ಶುಲ್ಕ ಪ್ರಕಟಿಸಿತು. ಒಂದು ಮಿತಿ ದಾಟಿದ ಗೇಮ್‌ಗಳು ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಕಟ್ಟಬೇಕು, ಪರ್ಸನಲ್ ಆವೃತ್ತಿಯವರಿಗೆ ಇನ್‌ಸ್ಟಾಲ್ ಒಂದಕ್ಕೆ 20 ಸೆಂಟ್. ಮುಂದೆ ಮಾಡುವ ಗೇಮ್‌ಗಳಿಗೆ ಮಾತ್ರವಲ್ಲ, ಆಗಲೇ ಮಾರುಕಟ್ಟೆಯಲ್ಲಿದ್ದ ಗೇಮ್‌ಗಳಿಗೂ 2024ರ ಜನವರಿಯಿಂದ ಲೆಕ್ಕ ಶುರು. ವರ್ಷಗಟ್ಟಲೆ ದುಡಿದು ಗೇಮ್ ಮಾಡಿದವರು ದಿಗಿಲುಬಿದ್ದರು. ಹತ್ತು ದಿನದಲ್ಲಿ ಕಂಪನಿ ಷರತ್ತು ಸಡಿಲಿಸಿತು, ಅಕ್ಟೋಬರ್‌ನಲ್ಲಿ ಸಿಇಒ ಜಾನ್ ರಿಚಿಟೆಲ್ಲೊ ಹುದ್ದೆ ಬಿಟ್ಟರು, 2024ರ ಸೆಪ್ಟೆಂಬರ್‌ನಲ್ಲಿ ಗೇಮ್‌ಗಳ ಮೇಲಿನ ಈ ಶುಲ್ಕವನ್ನೇ ಕೈಬಿಟ್ಟರು. ಈಗ ಅದು ಇಲ್ಲ, ನಿಜ. ಆದರೆ ಶುಲ್ಕ ಪ್ರಕಟವಾದ 2023ರ ಆ ತಿಂಗಳಲ್ಲಿ ಟೆರಾರಿಯಾ ಗೇಮ್ ಮಾಡಿದ ರಿ-ಲಾಜಿಕ್ ಸಂಸ್ಥೆ ಗೊಡೊಗೂ ಎಫ್‌ಎನ್‌ಎ ಎಂಬ ಇನ್ನೊಂದು ಮುಕ್ತ ಯೋಜನೆಗೂ ತಲಾ 1 ಲಕ್ಷ ಡಾಲರ್ ದೇಣಿಗೆ ಕೊಟ್ಟದ್ದು ಯಾಕೆ ಎಂದು ಯೋಚಿಸಿ.

ಉಪಕರಣಗಳು ಸಾಯುತ್ತವೆ ಕೂಡ. ಒಂದು ತಲೆಮಾರಿನ ಮಕ್ಕಳು ಬ್ರೌಸರಿನಲ್ಲಿ ಆಡಿದ್ದೆಲ್ಲ ಫ್ಲ್ಯಾಶ್ ಗೇಮ್‌ಗಳು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದಕ್ಕೆ ಬಾಗಿಲು ಹಾಕಿತು. ಗೇಮ್ ಬರೆಯಲು ಮೈಕ್ರೋಸಾಫ್ಟ್ ಕೊಟ್ಟಿದ್ದ ಎಕ್ಸ್‌ಎನ್‌ಎ ಎಂಬ ಉಪಕರಣದ ಬೆಳವಣಿಗೆ 2013ರಲ್ಲಿ ನಿಂತಿತು. ಅದನ್ನು ನಂಬಿದವರು ಬದುಕಿಕೊಂಡದ್ದು ಮೊನೊಗೇಮ್, ಎಫ್‌ಎನ್‌ಎಗಳಿಂದ. ಇವೆರಡೂ ಎಕ್ಸ್‌ಎನ್‌ಎಯ ಮಾದರಿಯನ್ನೇ ಮುಕ್ತ ಕೋಡ್‌ನಲ್ಲಿ ಹೊಸದಾಗಿ ಬರೆದ ಯೋಜನೆಗಳು. ಸ್ಟಾರ್‌ಡ್ಯೂ ವ್ಯಾಲಿ ಮೂಲದಲ್ಲಿ ಎಕ್ಸ್‌ಎನ್‌ಎ ಗೇಮ್, ಆಮೇಲೆ ಮೊನೊಗೇಮ್‌ಗೆ ಬಂತು. ಎಂಐಟಿ ಲೈಸೆನ್ಸ್‌ನಲ್ಲಿ ಇವತ್ತು ಸಿಕ್ಕ ಗೊಡೊ ಪ್ರತಿಯನ್ನು ನಾಳೆ ಯಾರೂ ನಿಮ್ಮಿಂದ ಕಿತ್ತುಕೊಳ್ಳಲಾರರು. ವಿದ್ಯಾರ್ಥಿಯಾದವನು ಮೊದಲ ಎರಡು ಮೂರು ವರ್ಷ ಹಾಕುವ ಶ್ರಮಕ್ಕೆ ಇಷ್ಟು ಭದ್ರತೆ ಇರಬೇಕು.

ಕೈಯಲ್ಲಿರುವ ಲ್ಯಾಪ್‌ಟಾಪ್

ಈಗ ಯಂತ್ರದ ವಿಷಯ. ನಿಮ್ಮಲ್ಲಿ ಹೆಚ್ಚಿನವರ ಹತ್ತಿರ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಇದೆ, ಕೆಲವರಿಗೆ ಕಾಲೇಜಿನ ಲ್ಯಾಬೇ ಗತಿ. ಅನ್‌ರಿಯಲ್ ಹತ್ತಾರು ಜಿಬಿ ಜಾಗ ಕೇಳುತ್ತದೆ. ಯೂನಿಟಿಗೆ ಅಕೌಂಟ್ ಬೇಕು, ಹಬ್ ಎಂಬ ಪ್ರೋಗ್ರಾಂ ಬೇಕು, ಅದರ ಮೂಲಕ ಕೆಲವು ಜಿಬಿಯ ಎಡಿಟರ್ ಇಳಿಸಬೇಕು. ಗೊಡೊ ಒಂದು ಜಿಪ್ ಫೈಲ್. ಬಿಚ್ಚಿದರೆ ನೇರ ಓಡುತ್ತದೆ, ಇನ್‌ಸ್ಟಾಲ್ ಎಂಬುದಿಲ್ಲ, ಲಾಗಿನ್ ಇಲ್ಲ. ಅಡ್ಮಿನ್ ಪಾಸ್‌ವರ್ಡ್ ಕೊಡದ ಲ್ಯಾಬಿನಲ್ಲಿ ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು. ಇಂಟರ್‌ನೆಟ್ ಬಂದು ಹೋಗಿ ಮಾಡುವ ಊರಿನವರಿಗೆ ಇದರ ಬೆಲೆ ಗೊತ್ತು.

ಒಂದು ಕಿವಿಮಾತು. ಗೊಡೊ 4ರಲ್ಲಿ ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ, ಯಾವುದು ಎಂದು ಕೇಳುತ್ತದೆ. ಫಾರ್ವರ್ಡ್ ಪ್ಲಸ್, ಮೊಬೈಲ್, ಕಂಪ್ಯಾಟಿಬಿಲಿಟಿ ಎಂದು ಮೂರಿವೆ. ಹಳೆಯ ಲ್ಯಾಪ್‌ಟಾಪ್ ಆದರೆ, ಎರಡು ಆಯಾಮದ ಗೇಮ್ ಆದರೆ, ಕಣ್ಣು ಮುಚ್ಚಿ ಕಂಪ್ಯಾಟಿಬಿಲಿಟಿ ಒತ್ತಿ. ಅದು ಓಪನ್‌ಜಿಎಲ್ ಎಂಬ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯ ಮೇಲೆ ಓಡುತ್ತದೆ, ವೆಬ್‌ಗೆ ಕಳಿಸುವಾಗಲೂ ಅದೇ ಬೇಕು. "ಗೊಡೊ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಇಲ್ಲ" ಎಂಬ ದೂರಿಗೆ ಬಹಳ ಸಲ ಈ ಒಂದು ಆಯ್ಕೆಯೇ ಕಾರಣವಾಗಿರುತ್ತದೆ.

ಗೇಮ್ ಕನ್ನಡ ಬರೆಯುತ್ತದೆಯೇ?

ಎಂಜಿನ್‌ಗಳನ್ನು ಹೋಲಿಸುವ ವಿಡಿಯೋಗಳಲ್ಲಿ ಯಾರೂ ಎತ್ತದ, ಆದರೆ ನಾವು ಮೊದಲೇ ಕೇಳಬೇಕಾದ ಪ್ರಶ್ನೆ ಇದು. ನಿಮ್ಮ ಗೇಮ್‌ನಲ್ಲಿ "ಸ್ಪರ್ಧೆ" ಎಂದು ಬರೆದರೆ ಪರದೆಯ ಮೇಲೆ "ಸ್ಪರ್ಧೆ" ಎಂದೇ ಕಾಣಬೇಕು. ಆದರೆ ಕಂಪ್ಯೂಟರಿನ ಒಳಗೆ ಆ ಪದ ಬಿಡಿ ಸಂಕೇತಗಳ ಸಾಲು. ಸ, ಹಲಂತ, ಪ, ರ, ಹಲಂತ, ಧ, ಏತ್ವ. ಇದರಲ್ಲಿ ಪ ಒತ್ತಾಗಿ ಸಕಾರದ ಕೆಳಗೆ ಇಳಿಯಬೇಕು. ರಕಾರ ಅರ್ಕಾವತ್ತಾಗಿ ಧೆ ಆದ ಮೇಲೆ ಬಲಕ್ಕೆ ಬಂದು ಕೂರಬೇಕು, ಅಂದರೆ ಬರೆದ ಕ್ರಮವೇ ಬದಲಾಗಬೇಕು. ಈ ಜೋಡಣೆಯ ಕೆಲಸವನ್ನು ಶೇಪಿಂಗ್ ಎನ್ನುತ್ತಾರೆ. ಇಂಗ್ಲಿಷಿಗೆ ಇದರ ಅಗತ್ಯ ಕಡಿಮೆ, ಹಾಗಾಗಿ ಬಹಳಷ್ಟು ಗೇಮ್ ಉಪಕರಣಗಳು ಈ ಕಡೆ ನೋಡಿಯೇ ಇರಲಿಲ್ಲ. ಶೇಪಿಂಗ್ ಇಲ್ಲದ ಎಂಜಿನ್‌ನಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳೆಲ್ಲ ಕಳಚಿ, ಹಲಂತಗಳು ಅಲ್ಲಲ್ಲಿ ಚೆಲ್ಲಿ ಬೀಳುತ್ತವೆ.

ಗೊಡೊ 3ರ ಪಾಡೂ ಅದೇ ಆಗಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4 ತನ್ನ ಅಕ್ಷರ ಮೂಡಿಸುವ ಭಾಗವನ್ನು ಹೊಸದಾಗಿ ಕಟ್ಟಿ, ಹಾರ್ಫ್‌ಬಜ್ ಎಂಬ ಮುಕ್ತ ಶೇಪಿಂಗ್ ಲೈಬ್ರರಿಯನ್ನು ಒಳಗೆ ಸೇರಿಸಿಕೊಂಡಿತು. ಆಂಡ್ರಾಯ್ಡ್ ಫೋನು, ಕ್ರೋಮ್ ಬ್ರೌಸರುಗಳು ಕನ್ನಡ ಮೂಡಿಸುವುದು ಇದೇ ಲೈಬ್ರರಿಯಿಂದ. ಈಗ ಗೊಡೊದಲ್ಲಿ ಒಂದು ಕನ್ನಡ ಫಾಂಟ್ ಹಾಕಿ, ಪಠ್ಯ ತೋರಿಸುವ ಲೇಬಲ್ ನೋಡ್‌ನಲ್ಲಿ ಟೈಪ್ ಮಾಡಿದರೆ ಸಾಕು, ಒತ್ತು ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ. ಫಾಂಟ್‌ಗಳಿಗೂ ಕೊರತೆಯಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಇದೆ, ಆಟದ ಲವಲವಿಕೆ ಬೇಕಾದರೆ ದುಂಡು ದುಂಡಾದ ಬಾಲೂ ತಮ್ಮ ಇದೆ, ಎರಡೂ ಗೇಮ್‌ನೊಳಗೆ ಹಾಕಿ ಹಂಚಲು ಅನುಮತಿಯಿರುವ ಮುಕ್ತ ಫಾಂಟ್‌ಗಳು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕಡತದಿಂದ ಪಠ್ಯ ತೆಗೆದುಕೊಳ್ಳುವವರು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಇಲ್ಲದಿದ್ದರೆ ಇಂಗ್ಲಿಷ್ ಚಿಹ್ನೆಗಳ ಗೊಂದಲ ಕಾಣುತ್ತದೆ.

ಇನ್ನೂ ಒಂದು ಸೂಕ್ಷ್ಮ. ಕಥೆಯಿರುವ ಗೇಮ್‌ಗಳಲ್ಲಿ ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವುದನ್ನು ನೋಡಿದ್ದೀರಿ. "ಸ್ತ್ರೀ" ನಮಗೆ ಒಂದಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಒಂದೊಂದೇ ಸಂಕೇತವಾಗಿ ತೋರಿಸುತ್ತ ಹೋದರೆ ಅಕ್ಷರ ಕಣ್ಣೆದುರೇ ನಾಲ್ಕಾರು ರೂಪ ತಾಳಿ ನಡುಗುತ್ತದೆ. ಗೊಡೊದ ಲೇಬಲ್‌ನಲ್ಲಿ, ಶೇಪಿಂಗ್ ಆದ ಮೇಲೆ ಅಕ್ಷರ ಎಣಿಸು ಎನ್ನುವ ಆಯ್ಕೆ ಇದೆ, ಅದನ್ನು ಹಚ್ಚಿ. ಇದೇ ಕಾರಣಕ್ಕೆ ಕನ್ನಡ ಪದಬಂಧದ ಗೇಮ್ ಮಾಡುವವರು ಪದದ ಉದ್ದ ಎಷ್ಟು ಎಂದು ಪ್ರೋಗ್ರಾಮಿಂಗ್ ಭಾಷೆಯನ್ನು ಕೇಳಿ ಸುಮ್ಮನಾಗಬಾರದು. ಜಿಡಿಸ್ಕ್ರಿಪ್ಟ್, ಪೈಥಾನ್, ಸಿ ಶಾರ್ಪ್ ಎಲ್ಲವೂ "ಕನ್ನಡ" ಎಂಬ ಪದಕ್ಕೆ ಮೂರರ ಬದಲು ಐದು ಎನ್ನುತ್ತವೆ. ಅಕ್ಷರ ಬಿಡಿಸುವ ಒಂದು ಸಣ್ಣ ಫಂಕ್ಷನ್ ನೀವೇ ಬರೆದುಕೊಳ್ಳಿ. ಕಾಗುಣಿತದ ಚಿಹ್ನೆ ಬಂದರೆ ಹಿಂದಿನ ಅಕ್ಷರಕ್ಕೆ ಸೇರಿಸು, ಹಲಂತದ ನಂತರ ವ್ಯಂಜನ ಬಂದರೆ ಅದನ್ನೂ ಸೇರಿಸು, ಅನುಸ್ವಾರ ವಿಸರ್ಗಗಳನ್ನೂ ಸೇರಿಸು. ಹತ್ತು ಹದಿನೈದು ಸಾಲಿನ ಕೆಲಸ. ಒಳ್ಳೆಯ ಕನ್ನಡ ಪದದ ಆಟಗಳು ಇನ್ನೂ ಎಷ್ಟೋ ಬರಬೇಕಾಗಿದೆ, ಅವು ನಿಮ್ಮಿಂದ ಬರಲಿ ಎನ್ನುವುದು ನನ್ನ ಆಸೆ.

ಭಾಷೆಯ ಪ್ರಶ್ನೆ

ಎಂಜಿನ್ ಆರಿಸಿದರೆ ಭಾಷೆ ಬಹುಪಾಲು ತಾನಾಗಿಯೇ ನಿರ್ಧಾರವಾಗುತ್ತದೆ. ಯೂನಿಟಿ ಎಂದರೆ ಸಿ ಶಾರ್ಪ್, ಅನ್‌ರಿಯಲ್ ಎಂದರೆ ಸಿ ಪ್ಲಸ್ ಪ್ಲಸ್ ಅಥವಾ ಬ್ಲೂಪ್ರಿಂಟ್ ಎಂಬ ಚಿತ್ರರೂಪದ ಜೋಡಣೆ, ಡಿಫೋಲ್ಡ್ ಮತ್ತು ಲವ್ ಎಂದರೆ ಲುವಾ, ಫೇಸರ್ ಎಂದರೆ ಜಾವಾಸ್ಕ್ರಿಪ್ಟ್. ಗೊಡೊದಲ್ಲಿ ಜಿಡಿಸ್ಕ್ರಿಪ್ಟ್ ಮತ್ತು ಸಿ ಶಾರ್ಪ್ ಎರಡೂ ಇವೆ.

ಜಿಡಿಸ್ಕ್ರಿಪ್ಟ್ ನೋಡಲು ಪೈಥಾನ್ ಹಾಗಿದೆ. ಸಾಲಿನ ಒಳಸರಿತದಿಂದಲೇ ಬ್ಲಾಕ್ ತಿಳಿಯುತ್ತದೆ, ಆವರಣಗಳ ಕಾಟವಿಲ್ಲ. ಪೈಥಾನ್ ಸ್ವಲ್ಪ ಓದಿದವರಿಗೆ ಒಂದು ವಾರಾಂತ್ಯದಲ್ಲಿ ಹಿಡಿತ ಸಿಗುತ್ತದೆ. ಬರೆದ ತಕ್ಷಣ ಓಡಿಸಿ ನೋಡಬಹುದು, ಕಂಪೈಲ್ ಆಗಲಿ ಎಂದು ಕಾಯಬೇಕಾಗಿಲ್ಲ. ಕಲಿಯುವವರಿಗೆ ಇದು ಬಹಳ ದೊಡ್ಡ ಅನುಕೂಲ, ಯಾಕೆಂದರೆ ತಪ್ಪು ಮಾಡುವುದು ಮತ್ತು ತಿದ್ದುವುದರ ನಡುವಿನ ಹೊತ್ತು ಎಷ್ಟು ಕಡಿಮೆಯೋ ಕಲಿಕೆ ಅಷ್ಟು ಬೇಗ. ಇದರ ವಿರುದ್ಧ ಎರಡು ಮಾತು ಹೇಳುತ್ತಾರೆ. ಒಂದು, ಇದು ನಿಧಾನ. ಸಿ ಶಾರ್ಪ್ ಮತ್ತು ಸಿ ಪ್ಲಸ್ ಪ್ಲಸ್‌ಗೆ ಹೋಲಿಸಿದರೆ ನಿಧಾನವೇ, ಆದರೆ ನಿಮ್ಮ ಮೊದಲ ಐದು ಗೇಮ್‌ಗಳಲ್ಲಿ ಆ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಚಿತ್ರ ಬಿಡಿಸುವ, ಡಿಕ್ಕಿ ಲೆಕ್ಕ ಹಾಕುವ ಭಾರದ ಕೆಲಸವನ್ನು ಒಳಗಿರುವ ಸಿ ಪ್ಲಸ್ ಪ್ಲಸ್ ಕೋಡ್ ಮಾಡುತ್ತಿರುತ್ತದೆ. ಎರಡನೆಯದು, ಗೊಡೊ ಬಿಟ್ಟರೆ ಬೇರೆಲ್ಲೂ ಈ ಭಾಷೆ ನಡೆಯುವುದಿಲ್ಲ. ಇದು ತೂಕದ ಆಕ್ಷೇಪ. ನನ್ನ ಉತ್ತರ: ಫಂಕ್ಷನ್, ಅರೇ, ಲೂಪ್, ಕ್ಲಾಸ್, ಸಿಗ್ನಲ್ ಇವುಗಳ ತಿಳಿವಳಿಕೆ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಯೂನಿಟಿ ತನ್ನ ಜಾವಾಸ್ಕ್ರಿಪ್ಟ್ ಮಾದರಿಯ ಭಾಷೆಯನ್ನು 2017ರಲ್ಲಿ ಕೈಬಿಡಲು ಹೊರಟಾಗ ಅದರಲ್ಲಿ ಬರೆಯುತ್ತಿದ್ದವರು ಸಿ ಶಾರ್ಪ್‌ಗೆ ದಾಟಿಕೊಂಡರು. ಎರಡನೆಯ ಭಾಷೆ ಯಾವತ್ತೂ ಮೊದಲನೆಯದರಷ್ಟು ಕಷ್ಟವಲ್ಲ.

ಸಿ ಶಾರ್ಪ್ ಈಗಾಗಲೇ ಚೆನ್ನಾಗಿ ಬಲ್ಲವರು ಗೊಡೊದಲ್ಲೂ ಅದನ್ನೇ ಬಳಸಿ, ತಪ್ಪಿಲ್ಲ. ಒಂದು ತೊಡಕು ನೆನಪಿಡಿ: ಗೊಡೊ 4 ಬಂದಾಗ ಸಿ ಶಾರ್ಪ್ ಗೇಮ್‌ಗಳನ್ನು ಬ್ರೌಸರಿಗೆ ಕಳಿಸುವ ದಾರಿ ಮುಚ್ಚಿಹೋಯಿತು. ಹೊಸಬರ ಗೇಮ್ ನಾಲ್ಕು ಜನರನ್ನು ತಲುಪುವುದೇ ಬ್ರೌಸರಿನ ಮೂಲಕ, ಆದ್ದರಿಂದ ಜಿಡಿಸ್ಕ್ರಿಪ್ಟ್ ಕಡೆಗೆ ನನ್ನ ಒಲವು.

ಸಿ ಪ್ಲಸ್ ಪ್ಲಸ್ ಬಗ್ಗೆ ಒಂದೇ ಮಾತು. ಅದು ದೊಡ್ಡ ವಿದ್ಯೆ, ಎಂಜಿನ್‌ಗಳನ್ನೇ ಕಟ್ಟುವ ಆಸೆಯಿದ್ದರೆ ಬೇಕೇ ಬೇಕು. ಮೊದಲ ಗೇಮ್‌ಗೆ ಬೇಡ.

ಯಾರು ಬೇರೆ ದಾರಿ ಹಿಡಿಯಬೇಕು

ಗೇಮ್ ಕಂಪನಿಯಲ್ಲಿ ಕೆಲಸ ಬೇಕು, ಅದೂ ಬೇಗ ಬೇಕು ಎನ್ನುವವರು ಯೂನಿಟಿ ಮತ್ತು ಸಿ ಶಾರ್ಪ್ ಕಲಿಯಿರಿ. ಮೊಬೈಲ್ ಗೇಮ್ ಉದ್ಯಮ ಹೆಚ್ಚಾಗಿ ನಡೆಯುವುದು ಅದರ ಮೇಲೆ. ದೊಡ್ಡ ಬಜೆಟ್‌ನ ಮೂರು ಆಯಾಮದ ಗೇಮ್‌ಗಳ ಕಡೆ ಹೋಗುವವರಿಗೆ ಅನ್‌ರಿಯಲ್. ಬೆಂಗಳೂರಿಗೆ ಈ ಉದ್ಯಮದ ಹಳೆಯ ನಂಟಿದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಶುರುಮಾಡಿದ ಧ್ರುವ ಇಂಟರಾಕ್ಟಿವ್ ವಿದೇಶದ ದೊಡ್ಡ ಗೇಮ್‌ಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಡುತ್ತ ಬೆಳೆಯಿತು, 2019ರಲ್ಲಿ ರಾಕ್‌ಸ್ಟಾರ್ ಎಂಬ ದೊಡ್ಡ ಗೇಮ್ ಕಂಪನಿ ಅದನ್ನು ಕೊಂಡಿತು. ಇಂಥ ಕಡೆ ಸೇರಬೇಕೆನ್ನುವವರು ಅಲ್ಲಿ ಬಳಕೆಯಲ್ಲಿರುವ ಉಪಕರಣ ಕಲಿಯಲೇಬೇಕು. ಆದರೂ ಸಂದರ್ಶನದಲ್ಲಿ ಮುಗಿದ ಗೇಮ್ ಒಂದನ್ನು ತೋರಿಸುವವರ ಮಾತಿಗೆ ತೂಕ ಬೇರೆ, ಅದು ಯಾವ ಎಂಜಿನ್‌ನದೇ ಆಗಿರಲಿ.

ವೆಬ್ ಡೆವಲಪ್‌ಮೆಂಟ್ ಬಲ್ಲವರಿಗೆ ಫೇಸರ್ ಇದೆ. ವ್ಯಾಂಪೈರ್ ಸರ್ವೈವರ್ಸ್ ಗೇಮ್ ಮೊದಲು ಹುಟ್ಟಿದ್ದು ಅದರಲ್ಲೇ, ಆಮೇಲೆ ಯೂನಿಟಿಗೆ ಹೋಯಿತು. ಬರಿ ಕೋಡ್ ಬರೆಯುವುದರಲ್ಲೇ ಸುಖ ಕಾಣುವವರಿಗೆ ಲವ್ ಇದೆ. 2024ರಲ್ಲಿ ಜಗತ್ತನ್ನೇ ಮರುಳು ಮಾಡಿದ ಬಲಾಟ್ರೊ ಗೇಮ್ ಅದರಲ್ಲಿ ಆದದ್ದು. ಕಥೆಯೇ ಮುಖ್ಯ, ಓದುಗ ದಾರಿ ಆರಿಸುತ್ತ ಹೋಗಬೇಕು ಎನ್ನುವ ಸಾಹಿತ್ಯದ ವಿದ್ಯಾರ್ಥಿಗಳು ಟ್ವೈನ್ ನೋಡಿ, ಬ್ರೌಸರಿನಲ್ಲೇ ಓಡುವುದರಿಂದ ಕನ್ನಡ ತಾನಾಗಿಯೇ ಸರಿಯಾಗಿ ಮೂಡುತ್ತದೆ. ಮನೆಯಲ್ಲಿ ಹತ್ತು ವರ್ಷದ ತಮ್ಮ ತಂಗಿ ಇದ್ದರೆ ಅವರಿಗೆ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಹುಟ್ಟಿದ ಸ್ಕ್ರ್ಯಾಚ್.

ಹೀಗೆ ಮೂರು ನಾಲ್ಕನ್ನು ತಿಂಗಳಿಗೊಂದರಂತೆ ಬದಲಿಸುತ್ತ ಕೂರಬೇಡಿ. ಎಲ್ಲ ಎಂಜಿನ್‌ಗಳಲ್ಲೂ ಮೂರನೆಯ ವಾರ ಬೇಸರದ ವಾರವೇ.

ಮೊದಲ ಗೇಮ್: ಅಳಗುಳಿ ಮಣೆ

ಏನು ಮಾಡಲಿ ಎಂದು ಕೇಳಿದಾಗ ಹೊಸಬರ ಮನಸ್ಸಿಗೆ ಬರುವುದು ಅವರು ಆಡುವ ಗೇಮ್‌ಗಳೇ. ಬಂದೂಕು, ಕಾರು, ವಿಶಾಲ ನಗರ, ನೂರು ಜನ ಆನ್‌ಲೈನ್‌ನಲ್ಲಿ. ಅವುಗಳ ಹಿಂದೆ ನೂರಾರು ಜನರ ವರ್ಷಗಟ್ಟಲೆ ದುಡಿಮೆ ಇದೆ. ನಾನು ಹೇಳುವುದು ಬೇರೆ. ಅಜ್ಜಿ ಆಡುತ್ತಿದ್ದ ಅಳಗುಳಿ ಮಣೆ ಮಾಡಿ. ತುಳುನಾಡಿನವರಾದರೆ ನಿಮಗದು ಚೆನ್ನೆಮಣೆ, ಆಟಿ ತಿಂಗಳ ಆಟ.

ಪ್ರೋಗ್ರಾಮಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ಅಂದರೆ 14 ಸಂಖ್ಯೆಗಳ ಒಂದು ಅರೇ. ಗುಳಿಗೆ ಐದರಂತೆ ಹುಣಸೆ ಬೀಜ ಹಾಕಿದರೆ ಒಟ್ಟು 70. ಒಂದು ಗುಳಿಯ ಬೀಜವನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು ಒಂದು ಲೂಪ್. ಕೊನೆಯ ಗುಳಿ ದಾಟಿ ಮೊದಲ ಗುಳಿಗೆ ಬರುವುದು, 14ರಿಂದ ಭಾಗಿಸಿ ಶೇಷ ತೆಗೆಯುವ ಲೆಕ್ಕ. ಕೈಯಲ್ಲಿದ್ದದ್ದು ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಅದನ್ನೆತ್ತಿ ಮುಂದುವರಿಯುವುದು, ಅದು ಬರಿದಾಗಿದ್ದರೆ ಅದರಾಚೆಯ ಗುಳಿಯದನ್ನು ಗೆದ್ದುಕೊಳ್ಳುವುದು: ಇದು ಷರತ್ತು. ನಿಯಮ ಊರಿಗೊಂದು ತೆರ, ನಾಲ್ಕು ಕೂಡಿದರೆ ಕರು ಎಂದು ಎತ್ತಿಕೊಳ್ಳುವ ಪದ್ಧತಿಯೂ ಇದೆ. ನಿಮ್ಮ ಮನೆಯ ನಿಯಮ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಬಾಯಿಮಾತಿನ ನಿಯಮವನ್ನು ಕೋಡ್ ಆಗಿ ಬರೆಯಲು ಕೂತಾಗಲೇ ಅದರಲ್ಲಿ ಎಷ್ಟು ಸಂಗತಿ ಹೇಳದೆ ಬಿಟ್ಟಿದ್ದಾರೆ ಎಂದು ಕಾಣುವುದು. ಮತ್ತೆ ಹೋಗಿ ಕೇಳಬೇಕಾಗುತ್ತದೆ. ಗೇಮ್ ಡಿಸೈನ್ ಎಂಬ ಕೆಲಸದ ದೊಡ್ಡ ಪಾಲು ಇದೇ.

ಗೊಡೊದಲ್ಲಿ ಹೀಗೆ ಮಾಡಿ. ಒಂದು ಸೀನ್, ಅದರೊಳಗೆ ಒಂದು ಗ್ರಿಡ್ ಕಂಟೇನರ್ (ಒಳಗಿಟ್ಟದ್ದನ್ನು ಸಾಲು ಸಾಲಾಗಿ ಜೋಡಿಸುವ ಚೌಕಟ್ಟು), ಅದರಲ್ಲಿ 14 ಬಟನ್. ಪ್ರತಿ ಬಟನ್ ಮೇಲೆ ಆ ಗುಳಿಯ ಬೀಜಗಳ ಸಂಖ್ಯೆ. ಬಟನ್ ಒತ್ತಿದಾಗ ಅದು ಒಂದು ಸಿಗ್ನಲ್ ಕಳಿಸುತ್ತದೆ, ನಿಮ್ಮ ಫಂಕ್ಷನ್ ಅದನ್ನು ಕೇಳಿಸಿಕೊಳ್ಳುತ್ತದೆ. ಚಿತ್ರ ಬೇಡ, ಅನಿಮೇಶನ್ ಬೇಡ, ಮೊದಲು ಸಂಖ್ಯೆಗಳಲ್ಲೇ ಆಟ ನಡೆಯಲಿ.

ಇಲ್ಲಿ ಒಂದು ಸೊಗಸಾದ ತೊಡಕು ಬರುತ್ತದೆ. ಕೆಳಸಾಲಿನ ಗುಳಿಗಳು ಎಡದಿಂದ ಬಲಕ್ಕೆ 0ಯಿಂದ 6. ಆಟ ಸುತ್ತು ಬರುವುದರಿಂದ ಮೇಲಿನ ಸಾಲು ಬಲದಿಂದ ಎಡಕ್ಕೆ 7ರಿಂದ 13 ಆಗಬೇಕು. ಆದರೆ ಗ್ರಿಡ್ ಕಂಟೇನರ್ ಎಲ್ಲವನ್ನೂ ಎಡದಿಂದ ಬಲಕ್ಕೇ ಜೋಡಿಸುತ್ತದೆ. ಹಾಗಾಗಿ ಮೇಲಿನ ಸಾಲಿಗೆ 13, 12, 11 ಎಂದು ಇಳಿಕೆಯ ಕ್ರಮದಲ್ಲಿ ಬಟನ್ ಇಡಬೇಕು. ಆಟದ ಲೆಕ್ಕ ಬೇರೆ, ಅದನ್ನು ತೋರಿಸುವ ರೀತಿ ಬೇರೆ, ಎರಡನ್ನೂ ಕೋಡ್‌ನಲ್ಲಿ ಬೇರೆ ಬೇರೆ ಇಡಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ. ಇಲ್ಲಿ ಕೈಗೆ ಹತ್ತುತ್ತದೆ.

ತಪ್ಪು ಹಿಡಿಯಲು ಒಂದು ಉಪಾಯ. ಪ್ರತಿ ನಡೆಯ ನಂತರ ಮಣೆಯ ಮೇಲಿರುವ ಬೀಜಗಳನ್ನೂ ಇಬ್ಬರೂ ಗೆದ್ದ ಬೀಜಗಳನ್ನೂ ಕೂಡಿಸಿ ನೋಡಿ. ಮೊತ್ತ ಯಾವಾಗಲೂ 70 ಇರಬೇಕು. 69 ಬಂದರೆ ಬೀಜವೊಂದು ಕೋಡ್‌ನಲ್ಲಿ ಎಲ್ಲೋ ಬಿದ್ದುಹೋಗಿದೆ. ಈ ಒಂದು ಸಾಲಿನ ಪರೀಕ್ಷೆ ಗಂಟೆಗಟ್ಟಲೆ ಹುಡುಕಾಟ ಉಳಿಸುತ್ತದೆ.

ಆಟ ಸರಿಯಾಗಿ ನಡೆದ ಮೇಲೆ ಎಂಜಿನ್‌ನ ಸಹಾಯ ತಗೊಳ್ಳಿ. ಒಂದೊಂದು ಬೀಜ ಹಾಕುವ ನಡುವೆ 0.3 ಸೆಕೆಂಡ್ ಕಾಯಿಸಲು ಜಿಡಿಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲು ಸಾಕು. ಬೀಜ ಬೀಳುವ ಸದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಸೇರಿಸಿ. ಸಂಖ್ಯೆಯ ಜಾಗದಲ್ಲಿ ಬೀಜದ ಚಿತ್ರ ಬರಲಿ. ಇದೇ ಲೆಕ್ಕವನ್ನು ಪೈಥಾನ್‌ನಲ್ಲಿ ಬರೆದರೂ ಸಿ ಶಾರ್ಪ್‌ನಲ್ಲಿ ಬರೆದರೂ ಹೆಚ್ಚುಕಡಿಮೆ ಅದೇ ಸಾಲುಗಳು. ಮುಂದಿನದು ಚೌಕಾಬಾರ ಆಗಲಿ: 5 ಸಾಲು, ಸಾಲಿಗೆ 5 ಮನೆ, ನಾಲ್ಕು ಕವಡೆ, ಕವಡೆಗೆ ಯಾದೃಚ್ಛಿಕ ಸಂಖ್ಯೆ ಬೇಕು, ಕಾಯಿ ಕಡಿಯುವ ನಿಯಮ ಬೇಕು. ಅದಾದ ಮೇಲೆ ಹುಲಿ-ಕುರಿ, ಅದರಲ್ಲಿ ಕಂಪ್ಯೂಟರ್ ಹುಲಿಯಾಗಿ ಯೋಚಿಸುವುದನ್ನು ಕಲಿಸಬೇಕಾಗುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳು

*ಚಿತ್ರ ಬರೆಯಲು ಬರುವುದಿಲ್ಲ, ಏನು ಮಾಡಲಿ?* ಕೆನ್ನಿ ಎಂಬ ಹೆಸರಿನಲ್ಲಿ ಸಾವಿರಾರು ಚಿತ್ರ ಮತ್ತು ಸದ್ದುಗಳು ಸಿಸಿ ಝೀರೊ ಲೈಸೆನ್ಸ್ ಅಡಿಯಲ್ಲಿ ಸಿಗುತ್ತವೆ, ಯಾರ ಅನುಮತಿಯೂ ಇಲ್ಲದೆ ಬಳಸಬಹುದು. ಅಂತರ್ಜಾಲದಲ್ಲಿ ಕಂಡ ಚಿತ್ರವನ್ನೆಲ್ಲ ಎತ್ತಿಕೊಳ್ಳಬೇಡಿ. ಲೈಸೆನ್ಸ್ ಓದುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

*ಪ್ಲೇ ಸ್ಟೋರ್‌ಗೆ ಹಾಕಬಹುದೇ?* ಹಾಕಬಹುದು. ಒಂದು ಸಲ 25 ಡಾಲರ್ ನೋಂದಣಿ ಶುಲ್ಕವಿದೆ, ಹೊಸ ವೈಯಕ್ತಿಕ ಅಕೌಂಟ್‌ಗಳು ಮೊದಲು ಹತ್ತಾರು ಜನರಿಂದ ಎರಡು ವಾರ ಪರೀಕ್ಷೆ ಮಾಡಿಸಬೇಕೆಂಬ ನಿಯಮವೂ ಇದೆ. ಮೊದಲ ಗೇಮ್‌ಗೆ ಇಷ್ಟೆಲ್ಲ ಬೇಡ. ಗೊಡೊದಿಂದ ವೆಬ್ ರೂಪಕ್ಕೆ ಕಳಿಸಿ, ಜಿಪ್ ಮಾಡಿ, ಇಚ್ ಡಾಟ್ ಐಒ ತಾಣಕ್ಕೆ ಏರಿಸಿ. ದುಡ್ಡಿಲ್ಲ, ಕಾಯುವುದಿಲ್ಲ, ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಗೆಳೆಯರು ಆಡಬಹುದು.

*ಗೊಡೊ ಬಗ್ಗೆ ಕನ್ನಡದಲ್ಲಿ ಪಾಠಗಳು ಕಡಿಮೆ ಇವೆಯಲ್ಲ?* ಕಡಿಮೆಯೇ. ಇಂಗ್ಲಿಷ್ ಡಾಕ್ಯುಮೆಂಟೇಶನ್ ಬಹಳ ಚೆನ್ನಾಗಿದೆ, ಎಡಿಟರ್ ಒಳಗೇ ಯಾವ ಫಂಕ್ಷನ್ ಮೇಲೆ ಬೇಕಾದರೂ ಕ್ಲಿಕ್ ಮಾಡಿ ಅದರ ವಿವರ ಓದಬಹುದು. ನೀವು ಒಂದು ಗೇಮ್ ಮುಗಿಸಿದ ಮೇಲೆ ಅದನ್ನು ಹೇಗೆ ಮಾಡಿದಿರಿ ಎಂದು ಕನ್ನಡದಲ್ಲಿ ಬರೆಯಿರಿ ಅಥವಾ ವಿಡಿಯೋ ಮಾಡಿ. ತಜ್ಞರಾಗುವ ತನಕ ಕಾಯಬೇಕಾಗಿಲ್ಲ, ಈಗಷ್ಟೇ ಕಲಿತವರಿಗೆ ಎಲ್ಲಿ ಎಡವುತ್ತಾರೆ ಎಂಬುದು ಚೆನ್ನಾಗಿ ನೆನಪಿರುತ್ತದೆ.

*ನನ್ನ ಹತ್ತಿರ ಲ್ಯಾಪ್‌ಟಾಪೇ ಇಲ್ಲ, ಫೋನ್ ಮಾತ್ರ ಇದೆ.* ಇದನ್ನು ಕೇಳಿದ ವಿದ್ಯಾರ್ಥಿನಿಗೆ ವಿಶೇಷವಾಗಿ ಹೇಳುತ್ತೇನೆ. ಗೊಡೊ ಎಡಿಟರ್‌ಗೆ ಆಂಡ್ರಾಯ್ಡ್ ಆವೃತ್ತಿಯಿದೆ, ಪ್ಲೇ ಸ್ಟೋರ್‌ನಲ್ಲೇ ಸಿಗುತ್ತದೆ. ಸಣ್ಣ ಪರದೆಯಲ್ಲಿ ಕಷ್ಟ, ಟ್ಯಾಬ್ಲೆಟ್ ಮತ್ತು ಬ್ಲೂಟೂತ್ ಕೀಬೋರ್ಡ್ ಇದ್ದರೆ ವಾಸಿ. ಅಳಗುಳಿ ಮಣೆಯ 14 ಬಟನ್‌ಗಳಿಗೆ ಅಷ್ಟು ಸಾಕು. ಫೋನಿನಲ್ಲಿ ಮಾಡಿದ ಪ್ರಾಜೆಕ್ಟ್ ಫೋಲ್ಡರನ್ನು ಹಾಗೇ ಲ್ಯಾಬಿನ ಕಂಪ್ಯೂಟರಿಗೆ ನಕಲಿಸಿ, ಎರಡೂ ಕಡೆ ಗೊಡೊದ ಒಂದೇ ಆವೃತ್ತಿ ಇಟ್ಟುಕೊಂಡು, ಅಲ್ಲಿ ಮುಂದುವರಿಸಬಹುದು.